ಮಹದೇವಮ್ಮನ ಬೆನ್ನ ಹಿಂದಿನ ನೆಲ

ಕೊಳ್ಳೇಗಾಲ
12 ಜೂನ್ 2024

ಶಿವರಂಜನಿ ಮೇಡಂ ಅವರಿಗೆ,

ಕೊಡುತ್ತೇವೆ ಎಂದದ್ದು ಏನು, ಕೊಡದೆ ಹೋದದ್ದು ಏನು, ಮೊದಲು ಅದನ್ನು ಬರೆದುಬಿಡುತ್ತೇನೆ.

ನಿಮ್ಮೂರು ಅರಳಿಕೊಪ್ಪಲಿನ ಸಮುದಾಯ ಭವನ ಎಲ್ಲರದೂ ಎಂದರು. ಬೀಗದ ಕೈ ಮೇಲಿನ ಬೀದಿಯಲ್ಲೇ ಉಳಿಯಿತು. ಅಡುಗೆ ಮನೆಯೂ ಎಲ್ಲರದೇ ಎಂದರು. ಊರಿನ ಕೆಳಗಿನ ನಮ್ಮ ಬೀದಿಯಲ್ಲಿ ಮದುವೆ ಇದ್ದ ದಿನವೇ ನೀರಿನ ಮೋಟಾರು ಕೆಟ್ಟಿತು. ಕೆರೆಯ ಹಿಂದೆ ಸರ್ಕಾರದ ಎರಡು ಎಕರೆ ದರಖಾಸ್ತು ಭೂಮಿಗೆ ನಮ್ಮ ಮಹದೇವಮ್ಮನ ಹೆಸರಿನಲ್ಲಿ ಸಾಗುವಳಿ ಚೀಟಿ ಕೊಟ್ಟರು. ಭೂಮಿ ಎಲ್ಲಿದೆ ಎಂದು ತೋರಿಸಲಿಲ್ಲ. ಅಲ್ಲಿ ಗಡಿ ಗುರುತಿಸುವ ಬಾಂದು ಕಲ್ಲೇ ಇರಲಿಲ್ಲ, ಎಲ್ಲಿಂದ ಅಳೆಯುತ್ತೀರಿ ಎಂದರು ನಿಮ್ಮಣ್ಣ ಕುಮಾರಸ್ವಾಮಿ. ಅಳೆಯಿರಿ ಎಂದು ಕೇಳಲು ಆಕೆ ಕೆರೆ ಏರಿ ಮೇಲೆ ನಿಂತಳು. ಗುಂಪಿನೊಳಗಿಂದ ಕಲ್ಲು ಬಂತು, ಬಲಗಣ್ಣು ಹೋಯಿತು. ಎಸೆದವನನ್ನು ಹಿಡಿಯುತ್ತೇವೆ ಎಂದರು, ಹಿಡಿಯಲಿಲ್ಲ. ನಮ್ಮ ಹೋರಾಟದ ಸಂಘದವರು ಸುಮ್ಮನಾಗದ್ದರಿಂದ ಕೊನೆಗೆ ಭವನದ ಮುಂಬಾಗಿಲಿಗೆ ಎದುರಾದ ಗೋಡೆಯಲ್ಲಿ ಮಹದೇವಮ್ಮನ ಚಿತ್ರ ಹಾಕುತ್ತೇವೆ ಎಂದರು. ಬರೆಯುವ ಕೆಲಸ ನನಗೆ ಬಂತು.

ಈಗ ಅದಕ್ಕೂ ಒಂದು ಷರತ್ತು ಬಂದಿದೆ. ಮುಖವನ್ನು ಒಂದು ಮಗ್ಗುಲಿನಿಂದ ಮಾತ್ರ ಬರೆಯಬೇಕಂತೆ, ಎಡಗಡೆಯಿಂದ.

ಭವನದ ಕಮಿಟಿ ಅಧ್ಯಕ್ಷರಾಗಿ ನಿಮ್ಮಣ್ಣನೇ ನನ್ನ ಅಂಗಡಿಗೆ ಬಂದು ಮೊಬೈಲು ಮುಂದೆ ಹಿಡಿದರು. ಕೆಂಪು ಟೋಪಿ, ಕೆಂಪು ಅಂಗಿ, ಗಿಣಿ ಮೂಗಿನ ಒಬ್ಬ ಪರದೇಶದ ಧಣಿ.

"ನನ್ ತಂಗಿನೇ ಯೇಳುದ್ಲು ಕಣ್ಲಾ. ಇಟಲಿ ರಾಜಂತೆ. ಇವನ್ಗೂ ಒಂದ್ ಕಣ್ ಇರ್ನಿಲ್ವಂತೆ. ಇವನ್ನೇ ಇಂಗ್ ಬರ್ದವ್ರೆ. ರಾಜನ್ಗಾದ ಮರ್ವಾದೆ ನಿಮ್ ಮಾದೇವಿಗ್ ಸಾಲ್ದಾ?"

ನೀವೂ ನಾನೂ ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಚಿತ್ರ ಕಲಿತವರು. ನಿಮ್ಮ ಮನೆಯ ಕಾಂಪೌಂಡಿನ ಮೇಲೆ ನಾನು 'ಎರಡೆಕರೆ ಎಲ್ಲಿ?' ಎಂದು ಬರೆದ ಮೇಲೆ ಮಾತು ನಿಂತಿತು. ಅದಕ್ಕೆ ನಾನು ಕ್ಷಮೆ ಕೇಳುತ್ತಿಲ್ಲ. ಫೋನಿನಲ್ಲಿ ಬರೆದರೆ ನಾಳೆ ಅದು ನಿಮ್ಮೂರಿನ ಗುಂಪಿನಲ್ಲೆಲ್ಲ ಓಡಾಡುತ್ತದೆ, ಅದಕ್ಕೇ ಕಾಗದ. ಎರಡು ಪ್ರಶ್ನೆ. ಈ ಉಪಾಯ ನಿಮ್ಮದೇ ಹೌದೇ? ಹೌದಾದರೆ, ನಿಮ್ಮಣ್ಣ ನೋಡಿದ್ದು ಬಿಟ್ಟು ಆ ಚಿತ್ರದಲ್ಲಿ ಇನ್ನೇನಿದೆ?

ಇತಿ,
ಚೌಡೇಶ
ಚೌಡೇಶ ಆರ್ಟ್ಸ್, ನೇಕಾರರ ಬೀದಿ


ಹನೂರು
24 ಜೂನ್ 2024

ಚೌಡೇಶ,

ಬೆಂಚಿನಲ್ಲಿ ಕೂತಾಗ ನನ್ನನ್ನು ಮೇಡಂ ಅನ್ನುತ್ತಿರಲಿಲ್ಲ. ಈಗಲೂ ಬೇಡ.

ಹೌದು, ಹೇಳಿದ್ದು ನಾನೇ. ಯುಗಾದಿಗೆ ಊರಿಗೆ ಹೋದಾಗ ಅಣ್ಣ ಕೇಳಿದ, ಒಂದು ಕಣ್ಣಿಲ್ಲದವರನ್ನು ಮರ್ಯಾದೆಯಾಗಿ ಬರೆಯುವುದು ಹೇಗೆ ಅಂತ. ಯಾರ ಚಿತ್ರಕ್ಕೆ ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಇಲ್ಲಿನ ನನ್ನ ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿಗೆ ಅದೇ ಚಿತ್ರ ತೋರಿಸಿ ಬಂದಿದ್ದೆ, ತಕ್ಷಣ ಬಾಯಿಗೆ ಬಂತು.

ಚಿತ್ರದಲ್ಲಿ ಇರುವುದು ಇಷ್ಟು. ಉರ್ಬಿನೋ ಎಂಬ ಊರಿನ ದೊರೆ ಫೆದೆರಿಗೊ. ಬರೆದವನು ಪಿಯೆರೊ. ಐನೂರೈವತ್ತು ವರ್ಷದ ಹಿಂದಿನ ಕೆಲಸ. ನಿನಗೆ ಅಣ್ಣ ತೋರಿಸಿದ್ದು ಅರ್ಧ ಮಾತ್ರ. ಅದು ಜೋಡಿ ಹಲಗೆ, ಇನ್ನೊಂದರಲ್ಲಿ ಹೆಂಡತಿ ಇದ್ದಾಳೆ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡುತ್ತಾರೆ, ನಮ್ಮ ಕಡೆ ಇಬ್ಬರೂ ನೋಡುವುದಿಲ್ಲ. ಮಗ್ಗುಲ ಮುಖ ಆ ಕಾಲದಲ್ಲಿ ಅವಮಾನವಲ್ಲ. ಹಳೆಯ ರೋಮಿನ ನಾಣ್ಯಗಳ ಮೇಲೆ ಚಕ್ರವರ್ತಿಗಳನ್ನು ಹಾಗೆ ಒತ್ತುತ್ತಿದ್ದರು, ಅಲ್ಲಿಂದ ಬಂದ ಗೌರವ ಅದು. ಆದರೆ ಇವನ ವಿಷಯದಲ್ಲಿ ಇನ್ನೊಂದು ಅನುಕೂಲವೂ ಇತ್ತು. ಕುದುರೆ ಮೇಲೆ ಕೂತು ಈಟಿ ಹಿಡಿದು ಆಡುವ ಪಂದ್ಯದಲ್ಲಿ ಬಲಗಣ್ಣು ಹೋಗಿತ್ತು. ಮೂಗಿನ ಬುಡದಲ್ಲಿ ಕಚ್ಚು ಬಿದ್ದ ಹಾಗಿದೆಯಲ್ಲ, ಉಳಿದ ಕಣ್ಣಿಗೆ ಆಚೆಯೂ ಕಾಣಲೆಂದು ಅವನೇ ಕೊಯ್ಯಿಸಿಕೊಂಡ ಎಂದು ಒಂದು ಕಥೆ. ಕಥೆಯೇ ಇದ್ದೀತು.

ಕೆನ್ನೆಯ ಮಚ್ಚೆ, ಗಂಟು, ಕಣ್ಣಿನ ಕೆಳಗಿನ ಜೋಲು ಚರ್ಮ, ಒಂದನ್ನೂ ಪಿಯೆರೊ ಬಿಟ್ಟಿಲ್ಲ. ಬೆನ್ನ ಹಿಂದೆ ಬೆಟ್ಟ, ಬಯಲು, ನೀರು, ನೀರಿನ ಮೇಲೆ ದೋಣಿ. ನಮ್ಮನ್ನು ಯಾವುದೋ ಎತ್ತರದಲ್ಲಿ ನಿಲ್ಲಿಸಿ ತೋರಿಸುತ್ತಾನೆ. ನೆಲ ಹೆಗಲ ಆಚೀಚೆ ಕೆಳಗೆ ನಿಂತುಬಿಡುತ್ತದೆ, ತಲೆ ಆಕಾಶಕ್ಕೆ ಹೋಗುತ್ತದೆ. ಹಾಗಾಗಿ ಮನುಷ್ಯ ತನ್ನ ನೆಲಕ್ಕಿಂತ ದೊಡ್ಡವನಾಗಿ ಕಾಣುತ್ತಾನೆ.

ಮಹದೇವಮ್ಮನನ್ನು ಹೀಗೆ ಬರೆದರೆ ಕೆಟ್ಟದಾಗುವುದಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಎಲ್ಲವನ್ನೂ ಎದುರಿಗೇ ತೋರಿಸಬೇಕು ಎನ್ನುವುದು ನಿನ್ನ ಹಟ. ಆಕೆಯನ್ನು ಕೇಳಿದ್ದೀಯಾ?

ಲೊಕ್ಕನಹಳ್ಳಿ ಕಡೆ ಮತ್ತೆ ಆನೆ ಇಳಿದಿದೆ. ಆ ಕಡೆಯ ಮಕ್ಕಳು ಅರ್ಧ ಬಂದಿಲ್ಲ, ಇದ್ದವರಿಗೇ ಪಾಠ. ಜೋಡಿ ಹಲಗೆಯ ಪ್ರಿಂಟು ಇದರ ಜೊತೆ ಇಟ್ಟಿದ್ದೇನೆ.

ಶಿವರಂಜನಿ


ಕೊಳ್ಳೇಗಾಲ
9 ಜುಲೈ 2024

ಶಿವರಂಜನಿ,

ಕೇಳಿರಲಿಲ್ಲ. ಕೇಳಿದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಹದೇವಮ್ಮ ಜಗಲಿಯಲ್ಲಿ ತೆಂಗಿನ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ಅವಳ ಓರಗಿತ್ತಿ ರಂಗಮ್ಮ. ನಿನ್ನ ಪ್ರಿಂಟು ಕೈಗೆ ಕೊಟ್ಟೆ. ಎಡಗಣ್ಣಿನ ಹತ್ತಿರಕ್ಕೆ ತಂದುಕೊಂಡು ನೋಡಿದಳು.

"ಇಂವ ಯಾರ್ಲಾ?"

"ಇಟಲಿ ದೊರೆ ಕಣ್ ದೊಡ್ಡವ್ವ. ಇವನ್ಗೂ ಬಲಗಣ್ ಇರ್ನಿಲ್ಲ. ಕಾಣ್ದಂಗೆ ಬರ್ದವ್ರೆ."

"ಯಾರ್ ಹೊಡುದ್ರು?"

"ಯಾರೂ ಹೊಡೀನಿಲ್ಲ. ಆಟ ಆಡಕ್ಕೋಗಿ ಕಳ್ಕಂಡ."

"ಆಟದಲ್ಲಾ?" ಅವಳು ರಂಗಮ್ಮನ ಕಡೆ ತಿರುಗಿದಳು. "ನೋಡಮ್ಮಿ. ಅಂಗಾರೆ ಬಚ್ಚಿಟ್ಕಳ್ಲಿ ಬುಡು. ಆಟದಲ್ ಕಳ್ಕಂಡೋನ್ಗೆ ನಾಚ್ಕೆ ಇರ್ತದೆ. ನಂಗ್ಯಾಕಿದ್ದದು?"

ಇಲ್ಲಿಗೆ ನಿನ್ನ ನಾಣ್ಯದ ಗೌರವ ಮುಗಿಯಿತು. ನಾಣ್ಯ ಯಾರ ಜೇಬಿನಲ್ಲಿ ಇರುತ್ತಿತ್ತೋ ಅವರ ಮುಖವೇ ಅದರ ಮೇಲೆ ಇರುತ್ತಿತ್ತು. ನಮ್ಮವರ ಮುಖವನ್ನು ಎದುರಿನಿಂದ ನೋಡುವ ಅಭ್ಯಾಸವೇ ಮೇಲಿನ ಬೀದಿಗೆ ಇಲ್ಲ. ಗೋಡೆಯ ಮೇಲಾದರೂ ನೋಡಲಿ ಎಂದು ನಾನು ಖುಷಿಯಲ್ಲಿ ನನ್ನ ಸ್ಕೆಚ್ಚು ಬಿಚ್ಚಿದೆ. ಎದುರು ಮುಖ, ಸಂಘದ ಬಾವುಟದ ನೀಲಿ ಸೀರೆ, ಮೇಲಕ್ಕೆತ್ತಿದ ಮುಷ್ಟಿ. ಅದನ್ನು ನೋಡಿ ಅವಳು ಜೋರಾಗಿ ನಕ್ಕಳು.

"ಕೈ ಎತ್ಕಂಡು ಎಷ್ಟೊತ್ಲಾ ಕೂತಿರ್ಲಿ? ಬಸ್ಸಿಗ್ ಕೈ ಅಡ್ಡ ಇಟ್ಟೋಳಂಗ್ ಬರ್ದಿದ್ದೀಯಲ್ಲ."

ರಂಗಮ್ಮ ಸೇರಿಸಿದಳು, "ಬಸ್ಸೂ ನಿಂತಿರಾಕಿಲ್ಲ ಬುಡು."

ನನ್ನದೂ ಅಲ್ಲಿಗೆ ಮುಗಿಯಿತು. ಆಮೇಲೆ ಅವಳು ನಿನ್ನ ಪ್ರಿಂಟನ್ನೇ ಮತ್ತೆ ಎತ್ತಿಕೊಂಡು ಬೆರಳಿಟ್ಟಳು, ಮುಖದ ಮೇಲೆ ಅಲ್ಲ, ಪಕ್ಕದಲ್ಲಿ.

"ಇವನ್ ಬೆನ್ನಿಂದ್ಲುದ್ದು ಯಾರ್ದ್ ಭೂಮಿ?"

"ಅವನ್ದೇ."

"ಎಲ್ಲಾನೂವಾ?"

"ಕಣ್ಗ್ ಕಾಣಗಂಟ."

"ನಂಗೂ ಅಂಗೇ ಬರಿ. ನಾನ್ ಕುರ್ಚಿ ಮ್ಯಾಲ್ ಕೂತಿರ್ಬೇಕು. ಕಣ್ ಎಂಗದೋ ಅಂಗೇ ಇರ್ಲಿ. ಹಿಂದ್ಗಡೆ ನನ್ ಎಲ್ಡ್ ಎಕ್ರೆ. ಕೆರೆ ತೂಬು, ಹುಣ್ಸೆ ಮರ, ಮರದಿಂದ ಈಚ್ಗೆ ಬಾಂದ್ ಕಲ್ಲು. ಆ ಕಲ್ ಕಿತ್ತಾಕ್ದಾಗ ನಾನ್ ಅಲ್ಲೇ ಕೂಲಿಗ್ ಕಳೆ ಕೀಳ್ತಿದ್ದೆ. ಕಲ್ ಕಾಣ್ಬೇಕು."

ಸೀರೆಯೂ ನೀಲಿ ಬೇಡವಂತೆ, ರೇಷ್ಮೆ ಬೇಕಂತೆ. ಬಡವರನ್ನು ರೇಷ್ಮೆಯಲ್ಲಿ ಬರೆದರೆ ಸಂಘದವರು ನನ್ನನ್ನು ಬಿಡುವುದಿಲ್ಲ ಎಂದೆ. "ಸಂಗದೋರು ಮದ್ವೆಗೆ ಯಾನ ಉಟ್ಕಂಡ್ ಓಯ್ತರೆ?" ಎಂದಳು. ನನ್ನ ಅಂಗಡಿಯ ಪಕ್ಕದ ಮಗ್ಗದ ಮನೆಯ ಯಶೋದಮ್ಮ ಒಂದು ಕೆಂಪಂಚಿನ ಸೀರೆ ಕೊಡುತ್ತೇನೆಂದು ಒಪ್ಪಿದ್ದಾರೆ.

ಇನ್ನೊಂದು ಪ್ರಶ್ನೆ ನಿನ್ನ ಪಾಲಿಗೆ. ಹೆಂಡತಿಯ ಹಲಗೆ ತೋರಿಸಿ ಮಹದೇವಮ್ಮ ಕೇಳಿದಳು, "ಈಯಮ್ಮ ಯಾಕಿಂಗ್ ಬಿಳ್ಚ್ಕಂಡವ್ಳೆ?" ನಿನಗೆ ಗೊತ್ತಿದ್ದರೆ ಬರೆ.

ಚೌಡೇಶ


ಹನೂರು
20 ಜುಲೈ 2024

ಚೌಡೇಶ,

ಚಿತ್ರ ಬರೆಯುವ ಹೊತ್ತಿಗೆ ಆ ಹೆಂಡತಿ ತೀರಿಕೊಂಡಿದ್ದಳು ಎಂದು ಬಹಳ ಜನ ಬಲ್ಲವರು ಹೇಳುತ್ತಾರೆ. ಅದಕ್ಕೇ ಆ ಬಿಳುಪು ಎನ್ನುವವರಿದ್ದಾರೆ. ಗಂಡ ನೋಡುತ್ತಿರುವುದು ಸತ್ತವಳನ್ನು. ಇದನ್ನು ಮಹದೇವಮ್ಮನಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಎದುರು ಮುಖ ಎಂದು ಆಕೆಯೇ ಹೇಳಿದ ಮೇಲೆ ನನ್ನ ವಾದ ಇಲ್ಲ. ಚಿತ್ರ ಕಟ್ಟುವ ಕೆಲಸದ ಬಗ್ಗೆ ಎರಡು ಮಾತು ಹೇಳುತ್ತೇನೆ.

ಮೊದಲನೆಯದು, ನೆಲದ ಗೆರೆ ಕುತ್ತಿಗೆಯ ಮಟ್ಟಕ್ಕೆ ಬರಬಾರದು. ಬಂದರೆ ಕೊರಳು ಕೊಯ್ದ ಹಾಗೆ ಕಾಣುತ್ತದೆ. ಹೊಲದ ಆಚೆಯ ಅಂಚು ಎದೆಯ ಮಟ್ಟದಲ್ಲಿ ನಿಲ್ಲಲಿ.

ಎರಡನೆಯದು ಕಲ್ಲು. ಏರಿಯ ಮೇಲೆ ನಿಂತು ನೋಡಿದರೆ ಹುಣಸೆ ಮರ ಎಲ್ಲಿ ಬರುತ್ತದೆ ಎಂದು ನನಗೆ ಗೊತ್ತು, ಚಿಕ್ಕವಳಿದ್ದಾಗ ಅಲ್ಲೇ ಉಯ್ಯಾಲೆ ಕಟ್ಟುತ್ತಿದ್ದೆವು. ಆಕೆ ಹೇಳಿದ ಜಾಗದಲ್ಲೇ ಕಲ್ಲು ಬರೆದರೆ ಅದು ನೋಡುವವರ ಎಡಕ್ಕೆ ಬರುವ ಹೆಗಲಿನ ಹಿಂದಕ್ಕೆ ಹೋಗುತ್ತದೆ. ತುದಿ ಮಾತ್ರ ಕಂಡು ಹೆಗಲಿಗೆ ಕೊಂಬು ಮೂಡಿದ ಹಾಗಿರುತ್ತದೆ. ಮರದ ಆಚೆಗೆ, ತೂಬಿನ ಕಡೆಗೆ ಸರಿಸು. ಪಿಯೆರೊ ಕೂಡ ಬೆಟ್ಟ ಬಯಲುಗಳನ್ನು ಇದ್ದ ಹಾಗೇ ಬರೆದಿಲ್ಲ, ಚಿತ್ರಕ್ಕೆ ಬೇಕಾದ ಹಾಗೆ ಜೋಡಿಸಿದ್ದಾನೆ ಎಂದೇ ನನ್ನ ಎಣಿಕೆ. ಅವನ ಕಾಲದಲ್ಲಿ ಅದನ್ನು ಯಾರೂ ಸುಳ್ಳು ಎನ್ನಲಿಲ್ಲ.

ಆ ನೆಲದಲ್ಲಿ ಈಗ ನಮ್ಮ ಮನೆಯವರ ಬಾಳೆ ಇದೆ. ಅದನ್ನೂ ಬರೆಯುತ್ತೀಯಾ?

ಶಿವರಂಜನಿ


ಕೊಳ್ಳೇಗಾಲ
1 ಸೆಪ್ಟೆಂಬರ್ 2024

ಶಿವರಂಜನಿ,

ಬಾಳೆ ಬರೆದಿಲ್ಲ. ಮಹದೇವಮ್ಮ ರಾಗಿ ಬರೆಸಿದಳು. "ನೆಲ ಸಿಕ್ರೆ ನಾನ್ ಬಿತ್ತಾದು ರಾಗಿಯೇ" ಎಂದಳು.

ಚಿತ್ರ ಮುಗಿದಿದೆ. ನಾಲ್ಕಡಿ ಎತ್ತರದ ಪ್ಲೈವುಡ್, ಎಣ್ಣೆ ಬಣ್ಣ. ಬೋರ್ಡು ಬರೆಯುವವನ ಕೈ ನನ್ನದು. ಏರಿಯ ಮೇಲೆ ನಿಂತು ಫೋಟೋ ತೆಗೆದು, ಅದರ ಮೇಲೆ ಚೌಕ ಹಾಕಿ, ಹಲಗೆಯ ಮೇಲೂ ಅಷ್ಟೇ ಚೌಕ ಹಾಕಿ, ಬಾಳೆಯೊಂದು ಬಿಟ್ಟು ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನೇ ಇಳಿಸಿದ್ದೇನೆ. ತೂಬಿನ ಒಡಕು ಕೂಡ ಇದೆ. ಸರಿಸಿದ್ದು ಕಲ್ಲೊಂದನ್ನೇ. ನಿನ್ನ ಮಾತು ಹೇಳಿದಾಗ ಮಹದೇವಮ್ಮ, "ಕಾಣ್ತದಲ್ಲ, ಆಗ್ಲಿ" ಎಂದಳು. ಎಲ್ಲವನ್ನೂ ಇದ್ದಲ್ಲಿ ಇಟ್ಟು ಅದೊಂದನ್ನು ಎತ್ತಿ ಇನ್ನೊಂದು ಚೌಕದಲ್ಲಿ ನೆಡುವಾಗ ನನಗೂ ಕೈ ಬರಲಿಲ್ಲ.

ಮೊನ್ನೆ ಶುಕ್ರವಾರ ಕಮಿಟಿ ಬಂತು. ನಿಮ್ಮಣ್ಣ, ಜೊತೆಗೆ ಖಜಾಂಚಿ ಕೆಂಪನಂಜಪ್ಪ. ಯಶೋದಮ್ಮ ತಮ್ಮ ಸೀರೆ ಚಿತ್ರದಲ್ಲಿ ಹೇಗೆ ಬಂದಿದೆ ನೋಡಲು ಆಗಲೇ ಬಂದು ನಿಂತಿದ್ದರು. ನಾನು ಬಟ್ಟೆ ಸರಿಸಿದೆ.

ಕಣ್ಣಿನ ವಿಷಯಕ್ಕೆ ಜಗಳ ಆಡುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ನಿಮ್ಮಣ್ಣ ಕಣ್ಣನ್ನು ನೋಡಲೇ ಇಲ್ಲ. ಮಹದೇವಮ್ಮನನ್ನೇ ನೋಡಲಿಲ್ಲ. ಅವರ ದೃಷ್ಟಿ ನೇರ ಅವಳ ಬೆನ್ನ ಹಿಂದಕ್ಕೆ ಹೋಯಿತು. ಹತ್ತಿರ ಬಂದರು. ಕನ್ನಡಕ ಹಾಕಿಕೊಂಡರು.

"ಲೇ, ಕಲ್ ಅಲ್ಲಿರ್ನಿಲ್ಲ ಕಣ್ಲಾ."

"ಎಲ್ಲಿತ್ತು ಸಾ?"

"ಹುಣ್ಸೆ ಮರದಿಂದ ಈಚ್ಗಿತ್ತು. ತೂಬಿನ್ ತಾವ್ ಎಲ್ ಬಂದದು? ಕೆರೆಗೊಯ್ದು ನೆಟ್ಟಿದ್ದೀಯಲ್ಲ."

ಯಶೋದಮ್ಮ ಸೀರೆ ನೋಡುವುದು ಬಿಟ್ಟು ತಿರುಗಿದರು. ನಾನು ಕೈಯಲ್ಲಿದ್ದ ಬ್ರಷ್ಷನ್ನು ಮೆಲ್ಲಗೆ ಕೆಳಗಿಟ್ಟೆ. ಕೆಂಪನಂಜಪ್ಪ ನಿಮ್ಮಣ್ಣನ ತೋಳು ಹಿಡಿದು ಎಳೆಯುತ್ತಿದ್ದ. ನಿಮ್ಮಣ್ಣನಿಗೆ ತಾನು ಆಡಿದ್ದೇನು ಎಂದು ಆಗ ತಿಳಿಯಿತು. ಹನ್ನೊಂದು ವರ್ಷ ಕಲ್ಲೇ ಇರಲಿಲ್ಲ ಎಂದವರು. ಸರ್ವೆಯರ್ ಬಂದಾಗಲೆಲ್ಲ ಗುರುತಿನ ಕಲ್ಲು ತೋರಿಸಿ ಎಂದು ಕೇಳಿ, ಅವನು ಬರಿಗೈಯಲ್ಲಿ ವಾಪಸ್ ಹೋಗುವುದನ್ನು ಕಟ್ಟೆಯ ಮೇಲೆ ಕೂತು ನೋಡಿದವರು. ಪಟದಲ್ಲಿ ಕಲ್ಲು ಜಾಗ ತಪ್ಪಿದ್ದನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ. ಹೊಲ ಉತ್ತ ಮನುಷ್ಯ.

ಕೆಂಪನಂಜಪ್ಪ ಮಾತು ತಿರುಗಿಸಿದ. "ಅಲ್ಲ ಕಣಪ್ಪಾ, ಹಿಂದ್ಗಡೆ ಇವೆಲ್ಲ ಯಾಕೆ? ನೀಲಿ ಆಕಾಸ ಬಳ್ದ್ಬುಡು. ಇಲ್ಲ, ಬಿಳಿಗಿರಿರಂಗನ ಬೆಟ್ಟ ಬರಿ. ಲಕ್ಷಣವಾಗಿರ್ತದೆ."

ಆಗುವುದಿಲ್ಲ ಎಂದೆ.

"ಅಂಗಾರೆ ಇನ್ನೊಂದ್ ಮಾತು. ಬದ್ಕಿರೋರ್ ಪಟ ಗೋಡೆಗ್ ಆಕಾದುಂಟಾ? ಪಟ ಕಟ್ಟಾದು ಸತ್ತೋರ್ಗೆ. ಆಯಸ್ಸಿಗ್ ಒಳ್ಳೇದಲ್ಲ. ಆಯಮ್ಮ ಓದ್ಮೇಲೆ ನಾವೇ ಆಕ್ತೀವಿ. ಆರ ಸಮೇತ."

"ನಿಮ್ ಅಧ್ಯಕ್ಷರ್ ಹುಟ್ದಬ್ಬಕ್ಕೆ ಸರ್ಕಲ್ನಲ್ಲಿ ಇಪ್ಪತ್ತಡಿ ಫ್ಲೆಕ್ಸ್ ಕಟ್ಟಿದ್ರಿ" ಎಂದೆ. "ಅವ್ರಿನ್ನೂ ಗಟ್ಟಿಯಾಗೇ ಅವ್ರಲ್ಲ ಸಾ."

ಯಶೋದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕಮಿಟಿಯವರಿಬ್ಬರೂ ಹೊರಟುಹೋದರು.

ಆದರೆ ಕೆಂಪನಂಜಪ್ಪನ ಮಾತು ನನಗಿಂತ ಮುಂಚೆ ನಮ್ಮ ಬೀದಿ ಮುಟ್ಟಿದೆ. ರಂಗಮ್ಮ ಅಳುತ್ತಾ ಕೂತಿದ್ದಾಳೆ, ಅಕ್ಕನ ಪಟ ಕಟ್ಟಬೇಡಿ ಅಂತ. ಬೀದಿಯಲ್ಲೇ ಎರಡು ಮಾತಾಗಿದೆ. ಪಟ ಗೋಡೆಗೆ ಹೋಗುವುದು ಇವತ್ತಿಗೆ ಅನುಮಾನ.

ಭೂಮಿಯ ಹದ್ದು ಗುರುತಿಸಿ ಅಳೆಯಲು ಹೊಸದಾಗಿ ಅರ್ಜಿ ಕೊಟ್ಟೆವು. ಯಳಂದೂರಿನ ಸರ್ವೆಯರ್ ಹೇಳಿದ, ಕಲ್ಲು ಎಲ್ಲಿತ್ತು ಎಂದು ಬೇರೆಯವರು ಇಬ್ಬರು ಸ್ಥಳದಲ್ಲಿ ನಿಂತು ಹೇಳಿಕೆ ಕೊಟ್ಟರೆ ಮಹಜರಿನಲ್ಲಿ ಬರೆದುಕೊಂಡು ಅಳೆಯುತ್ತೇನೆ ಅಂತ. ನಮ್ಮ ಬೀದಿಯವರದು ನಡೆಯುವುದಿಲ್ಲವಂತೆ. ಯಶೋದಮ್ಮ ತಾವು ಕೇಳಿದ್ದನ್ನು ಬಂದು ಹೇಳುತ್ತಾರೆ. ಅವರು ಒಬ್ಬರಾದರು.

ಬೇರೆ ಏನನ್ನೂ ನಾನು ಕೇಳುತ್ತಿಲ್ಲ. ಗೌರಿ ಹಬ್ಬಕ್ಕೆ ನೀನು ಊರಿಗೆ ಹೋಗುತ್ತೀಯ ಎಂದು ಗೊತ್ತು.

ಚೌಡೇಶ


ಹನೂರು
10 ಸೆಪ್ಟೆಂಬರ್ 2024

ಚೌಡೇಶ,

ಹೋಗಿದ್ದೆ.

ಊಟದ ಹೊತ್ತಿಗೆ ಅಣ್ಣನನ್ನು ಕೇಳಿದೆ, ಕಲ್ಲು ಎಲ್ಲಿತ್ತಣ್ಣ ಅಂತ. ಅವ್ವ ಒಬ್ಬಟ್ಟಿಗೆ ತುಪ್ಪ ಬಡಿಸುತ್ತಿದ್ದಳು.

"ಯಾವ ಕಲ್ಲು?" ಎಂದ.

"ಚೌಡೇಶನ ಅಂಗಡಿಲಿ ಯೇಳಿದ್ಯಲ್ಲ, ಅದು."

ತಟ್ಟೆ ನೋಡುತ್ತಾ ಹೇಳಿದ, "ಪಟದಲ್ ತಪ್ಪಿತ್ತು, ಯೇಳ್ದೆ. ತಪ್ಪ್ ಕಂಡ್ರೂ ಯೇಳ್ಬಾರ್ದಾ? ಆ ಮರದ್ ಬುಡದಲ್ ನೇಗ್ಲು ತಿರ್ಗ್ಸಿ ತಿರ್ಗ್ಸಿ ನನ್ ಕೈ ಸವ್ದದೆ. ಕಲ್ ಒಯ್ದು ತೂಬಿನ್ ತಾವ್ ನೆಟ್ರೆ ಯಾರ್ ಸುಮ್ನಿದ್ದರು?"

"ಅಂಗಾರೆ ಮರದಿಂದ ಈಚ್ಗಿತ್ತು."

ಅವನು ತಟ್ಟೆ ಪಕ್ಕಕ್ಕೆ ತಳ್ಳಿದ. ಅವ್ವ ಹೇಳಿದಳು, "ಉಣ್ಣೋ ಹೊತ್ನಲ್ಲಿ ಕಲ್ಲಿನ್ ಮಾತ್ಯಾಕವ್ವ, ಉಣ್ಣು." ಅವಳು ಇಲ್ಲ ಎನ್ನಲಿಲ್ಲ. ನಾನು ಅದನ್ನು ಗಮನಿಸಿದೆ. ಅಣ್ಣನೂ ಗಮನಿಸಿದ.

ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಸಂಜೆ ಬಸ್ಸಿಗೇ ಹೊರಟೆ. ಹಬ್ಬಕ್ಕೆ ಕೊಟ್ಟ ಸೀರೆಯ ಚೀಲ ಅಲ್ಲೇ ಉಳಿಯಿತು. ಇವತ್ತಿನವರೆಗೂ ಯಾರೂ ಕಳಿಸಿಲ್ಲ.

ಬರುವಾಗ ಕೊಳ್ಳೇಗಾಲದಲ್ಲಿ ಇಳಿದೆ. ನೀನು ಒಡೆಯರಪಾಳ್ಯಕ್ಕೆ ಯಾವುದೋ ಹೋಟೆಲಿನ ಬೋರ್ಡು ಬರೆಯಲು ಹೋಗಿದ್ದೆಯಂತೆ. ಯಶೋದಮ್ಮ ಅಂಗಡಿ ತೆಗೆದು ಚಿತ್ರ ತೋರಿಸಿದರು. ತುಂಬಾ ಹೊತ್ತು ನೋಡಿದೆ. ನೆಲದ ಗೆರೆ ಎದೆಯ ಮಟ್ಟಕ್ಕೆ ಸರಿಯಾಗಿ ನಿಂತಿದೆ. ಸೀರೆಯ ಕೆಂಪಂಚು ಕಣ್ಣನ್ನು ಮಡಿಲಿನಿಂದ ಮೇಲಕ್ಕೆ, ಮುಖದವರೆಗೆ ಕರೆದುಕೊಂಡು ಹೋಗುತ್ತದೆ. ಎಡಗಣ್ಣು ನೋಡುವವರನ್ನು ಬಿಡುವುದಿಲ್ಲ. ನನ್ನನ್ನೂ ಬಿಡಲಿಲ್ಲ.

ಬಲಗಣ್ಣು ಮಾತ್ರ ತಪ್ಪು. ಅಲ್ಲಿ ಕೆಂಪು ಜಾಸ್ತಿ ಹಾಕಿದ್ದೀಯ. ನಿನ್ನೆ ಬಿದ್ದ ಗಾಯದ ಹಾಗೆ ಹಸಿಯಾಗಿದೆ. ಅದು ಮಾಯ್ದು ಎಷ್ಟೋ ವರ್ಷ ಆಯಿತು. ಆಕೆ ಆ ಮುಖದಲ್ಲೇ ಕೂಲಿಗೆ ಹೋಗಿದ್ದಾಳೆ, ನಕ್ಕಿದ್ದಾಳೆ, ಪೊರಕೆ ಕಟ್ಟಿದ್ದಾಳೆ. ಹಸಿ ಗಾಯ ಬೇಕಾಗಿರುವುದು ನಿನ್ನ ಭಾಷಣಕ್ಕೆ, ಆಕೆಗಲ್ಲ. ಆ ದೊರೆಯ ಮಚ್ಚೆಗಳನ್ನು ಇನ್ನೊಮ್ಮೆ ನೋಡು. ಪಿಯೆರೊ ಅವನ್ನು ಎತ್ತಿ ತೋರಿಸಿಲ್ಲ, ಇದ್ದವು ಎಂದು ಬರೆದಿದ್ದಾನೆ. ಹಾಗೆ ಬರೆ.

ಕಲ್ಲು ಸರಿಸು ಎಂದವಳು ನಾನು. ಅದು ಈಗ ತನ್ನ ಜಾಗಕ್ಕೆ ಬರಬೇಕು, ಸುಳ್ಳು ಜಾಗದಲ್ಲಿ ಕಲ್ಲಿರುವ ಚಿತ್ರ ಗೋಡೆಗೆ ಹೋಗಬಾರದು. ಹೆಗಲಿನ ಹಿಂದೆ ಹೋಗದ ಹಾಗೆ ತರುವುದು ಹೇಗೆ ಎಂದು ಎರಡು ಹಾಳೆ ಗೀಚಿದೆ. ದಾರಿ ಕಾಣಲಿಲ್ಲ.

ಸರ್ವೆಯರ್ ಯಾವತ್ತು ಬರುತ್ತಾನೆ, ತಿಳಿಸು. ಸ್ಕೂಲಿಗೆ ರಜೆ ಬರೆಯಬೇಕು.

ಶಿವರಂಜನಿ


ಕೊಳ್ಳೇಗಾಲ
21 ಸೆಪ್ಟೆಂಬರ್ 2024

ಶಿವರಂಜನಿ,

ಕಣ್ಣಿನ ಬಗ್ಗೆ ನೀನು ಬರೆದದ್ದು ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಮೂರನೇ ದಿನ ಕೆಂಪನ್ನು ಒರೆಸಿ ಮೈಬಣ್ಣ ಹಾಕಿದೆ. ರೆಪ್ಪೆ ಒಳಕ್ಕೆ ಹೋಗಿ ಅಂಟಿಕೊಂಡ ಗೆರೆ ಬಂತು. ಈಗ ಅದು ಮಹದೇವಮ್ಮ.

ಮಿಕ್ಕದ್ದಕ್ಕೆ ಅವಳನ್ನೇ ಅಂಗಡಿಗೆ ಕರೆಸಿದೆ. ರಂಗಮ್ಮನೂ ಬಂದಳು. ಹಲಗೆಯ ಮುಂದೆ ಕೂರಿಸಿ, ಕಲ್ಲನ್ನು ವಾಪಸ್ ತಂದರೆ ನಿನ್ನ ಹೆಗಲ ಹಿಂದೆ ಮುಚ್ಚಿಹೋಗುತ್ತದೆ, ಹಾಗೇ ಬಿಟ್ಟರೆ ಸುಳ್ಳಾಗುತ್ತದೆ, ಏನು ಮಾಡಲಿ ಎಂದೆ. ಅವಳು ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದಳು.

"ಕಲ್ ಯಾಕ್ಲಾ ಸರ್ಸೀಯೆ? ನನ್ನ ಸರ್ಸು."

"ನಡುವ್ಲಲ್ವಾ ದೊಡ್ಡವ್ವ ನೀನಿರ್ಬೇಕಾದ್ದು?"

"ಯಾರ್ಲಾ ಯೇಳ್ದೋರು? ಕುರ್ಚಿ ಒಸಿ ಆಚ್ಗ್ ಆಕು. ಜಾಗ ಬುಟ್ ಕೂತರೆ ಅದೂ ಕಾಣ್ತದೆ, ನಾನೂ ಕಾಣ್ತೀನಿ."

ಮೈಸೂರಿನಲ್ಲಿ ನಾವು ಕಲಿತದ್ದರಲ್ಲಿ ಇದು ಇರಲಿಲ್ಲ. ಬರೆಸಿಕೊಳ್ಳುವವರು ನಡುವೆ, ಉಳಿದದ್ದು ಅವರ ಸುತ್ತ. ನಾವಿಬ್ಬರೂ ಅದನ್ನೇ ಹಿಡಿದು ಕಲ್ಲನ್ನು ಅತ್ತಿತ್ತ ಎತ್ತಿಟ್ಟೆವು. ಅವಳನ್ನು ಸರಿಸಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಹಲಗೆಯನ್ನು ಮೊದಲಿಂದ ಉಜ್ಜಿ ಮತ್ತೆ ಚೌಕ ಹಾಕಿದ್ದೇನೆ. ಮಹದೇವಮ್ಮ ಈಗ ಬಲಕ್ಕೆ ಕೂತಿದ್ದಾಳೆ. ಎಡಕ್ಕೆ ಅರ್ಧ ಹಲಗೆ ಬರೀ ನೆಲ. ಹುಣಸೆ ಮರ, ಅದರ ಈಚೆಗೆ ಕಲ್ಲು, ನಿಮ್ಮಣ್ಣ ಹೇಳಿದ ಚೌಕದಲ್ಲೇ. ಅವಳು ಹೇಳಿದ್ದೂ ಅದೇ ಚೌಕ.

ರಂಗಮ್ಮನ ಭಯವೂ ಅಲ್ಲೇ ಇತ್ಯರ್ಥವಾಯಿತು. "ಪಟಕ್ ಆರ ಆಕ್ಬ್ಯಾಡಿ, ಕುಂಕ್ಮ ಇಡ್ಬ್ಯಾಡಿ, ದೀಪ ಅಚ್ಬ್ಯಾಡಿ. ಯಾರಾರ ಆರ ತಂದ್ರೆ ನನ್ ಕೊಳ್ಗೇ ಆಕ್ಸು ಕಣಮ್ಮಿ, ಪಟ ನೋಡ್ಕಳ್ಲಿ" ಎಂದಳು ಮಹದೇವಮ್ಮ. ರಂಗಮ್ಮ ಮೂಗು ಒರೆಸಿಕೊಂಡು, "ಆರ ತರೋರ್ ಮಖ ನೋಡು" ಎಂದಳು. ಬೀದಿಯವರೂ ಒಪ್ಪಿದ್ದಾರೆ.

ಆ ಇಟಲಿಯ ಹೆಂಡತಿ ಯಾಕೆ ಬಿಳಿಚಿಕೊಂಡಿದ್ದಾಳೆ ಎಂದೂ ಅವತ್ತು ಹೇಳಿದೆ. ಸ್ವಲ್ಪ ಹೊತ್ತು ಆ ಪ್ರಿಂಟು ಹಿಡಿದುಕೊಂಡಿದ್ದು, "ಪಾಪ, ಅವ್ಳಿಂದ್ಗಡೆನೂ ಭೂಮಿ ಅದೆ. ಉಣ್ನಿಲ್ಲ" ಎಂದು ವಾಪಸ್ ಕೊಟ್ಟಳು.

ಚಿತ್ರದ ಬಗ್ಗೆ ಬೀದಿಯ ತೀರ್ಮಾನ ಹೀಗೆ. ಅಳತೆಯ ದಿನ ಹಲಗೆಯನ್ನು ಹೊಲಕ್ಕೆ ಹೊತ್ತುಕೊಂಡು ಹೋಗುತ್ತೇವೆ. ಕಲ್ಲು ನೆಟ್ಟ ಮೇಲೆ ಅಲ್ಲಿಂದ ನೇರ ಭವನದ ಗೋಡೆಗೆ. ಕಲ್ಲು ನೆಡದಿದ್ದರೆ ಗೋಡೆಯೂ ಬೇಡ ಎಂದು ಮಹದೇವಮ್ಮ ಖಂಡಿತವಾಗಿ ಹೇಳಿದ್ದಾಳೆ. ನೆಲ ಕೊಡದೆ ನೆಲದ ಪಟ ಮಾತ್ರ ಹಾಕಿಸಿಕೊಂಡರೆ ನಾಳೆ ಅದನ್ನೇ ತೋರಿಸಿ, ಕೊಟ್ಟಾಯಿತಲ್ಲ ಎನ್ನುತ್ತಾರಂತೆ. ನನಗೆ ಇದು ಸರಿ ಕಂಡಿದೆ. ಸಂಘದ ಕೆಲವರಿಗೆ ಕಂಡಿಲ್ಲ. ಅವರೂ ಬರುತ್ತಾರೆ.

ನಿಮ್ಮಣ್ಣನಿಗೂ ನೋಟೀಸು ಹೋಗಿದೆ. ಬಂದರೆ ಅವರ ಎದುರಿಗೇ ನೀನು ಹೇಳಬೇಕಾಗುತ್ತದೆ. ಬರದಿದ್ದರೂ ನಿನ್ನ ಹೇಳಿಕೆ ಸಂಜೆಯೊಳಗೆ ನಿಮ್ಮ ಮನೆ ತಲುಪುತ್ತದೆ. ಆಮೇಲೆ ಯುಗಾದಿ, ಗೌರಿ ಹಬ್ಬ ಹೇಗೋ ನನಗೆ ಗೊತ್ತಿಲ್ಲ. ನೀನು ಬರದೆ ಹೋದರೂ ನಾನು ನಿಮ್ಮ ಕಾಂಪೌಂಡಿನ ಮೇಲೆ ಬರೆಯುವುದಿಲ್ಲ. ಇದನ್ನು ಹೇಳಿಯೇ ದಿನ ತಿಳಿಸಬೇಕು ಎಂದುಕೊಂಡಿದ್ದೆ, ಹೇಳಿದ್ದೇನೆ.

ಹನೂರಿನಿಂದ ಬೆಳಗಿನ ಮೊದಲ ಬಸ್ಸು ಹತ್ತಿದರೆ ಯಳಂದೂರಿನಲ್ಲಿ ಊರಿಗೆ ಬರುವ ಅಗರದ ಕಡೆಯ ಆಟೋ ಸಿಗುತ್ತದೆ. ಅಳತೆ ಸೆಪ್ಟೆಂಬರ್ ಮೂವತ್ತು, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ, ಕೆರೆ ಏರಿ ಮೇಲೆ.

ಚೌಡೇಶ